ಊಟ ಬಿಟ್ಟ ಹುಡುಗಿಗೆ ಒಂದು ಸಲಾಯಿನ್ ಹಚ್ಚಿದರೆ ಸಾಕೇ? ತಾಲ್ಲೂಕು ತಿಳಿಯಬೇಕಾದ ಅಪಾಯ

ಚಂದಾಪುರ (ಚಿಂಚೋಳಿ ತಾ.): "ಹುಡುಗಿ ಊಟಾನೇ ಮಾಡಲ್ಲಾಗ್ಯಾಳ್ರಿ, ಒಂದು ಸಲಾಯಿನ್ ಹಚ್ಚ್ರಿ." ನಮ್ಮ ಭಾಗದ ಯಾವುದೇ ಕ್ಲಿನಿಕ್‌ನಲ್ಲಿ ಕೇಳಿಬರುವ ಮಾತಿದು. ಜ್ವರ, ವಾಂತಿ, ನಿಶ್ಶಕ್ತಿ ಏನೇ ಇರಲಿ, ಬಾಟಲಿ ಹಚ್ಚಿದರೆ ಮನೆಯವರಿಗೆ ಸಮಾಧಾನ. ಆದರೆ ತಿಂಗಳುಗಟ್ಟಲೆ ಊಟ ಬಿಟ್ಟು ಸೊರಗಿದ ದೇಹಕ್ಕೆ ಪರೀಕ್ಷೆ ಮಾಡದೆ ಹಚ್ಚುವ ಗ್ಲುಕೋಸ್ ಬಾಟಲಿ ಜೀವಕ್ಕೇ ಮುಳುವಾಗಬಹುದು. ಹಟ ಹಿಡಿದು ಹೊಟ್ಟೆ ತುಂಬಾ ಉಣ್ಣಿಸಿದರೂ ಅಷ್ಟೇ. ಈ ಸಂಗತಿ ಬಹಳ ಮನೆಗಳಿಗೆ ಗೊತ್ತಿಲ್ಲ.

ಕೇರಳದಲ್ಲಿ ಕನ್ನಡಿಗರ ಕಾಸರಗೋಡಿಗೆ ಹೊಂದಿಕೊಂಡಿರುವ ಜಿಲ್ಲೆ ಕಣ್ಣೂರು. 2025ರ ಮಾರ್ಚ್‌ನಲ್ಲಿ ಅಲ್ಲಿನ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ದಪ್ಪ ಆಗುತ್ತೇನೆಂಬ ಭಯದಲ್ಲಿ ತಿಂಗಳುಗಟ್ಟಲೆ ಊಟ ಬಿಟ್ಟಿದ್ದಳು, ಮೊಬೈಲ್ ವಿಡಿಯೊಗಳನ್ನು ನೋಡಿ ತೂಕ ಇಳಿಸುತ್ತಿದ್ದಳು ಎಂದು ಪತ್ರಿಕೆಗಳು ವರದಿ ಮಾಡಿದವು. ವೈದ್ಯರು ಹೇಳಿದ ರೋಗದ ಹೆಸರು ಅನೊರೆಕ್ಸಿಯಾ ನರ್ವೋಸಾ. ಕೊನೆಗೆ ಐಸಿಯು, ವೆಂಟಿಲೇಟರ್ ಯಾವುದೂ ಕೈ ಹಿಡಿಯಲಿಲ್ಲ.

ಸುದ್ದಿ ಬಂದಾಗ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡು ದಿನ ಓಡಾಡಿತು. "ಈಗಿನ ಹುಡುಗೀರು ಹೀಂಗೇ" ಎಂದು ಬೈದವರು ಹೆಚ್ಚು. ಅದು ನಮ್ಮ ಊರಿಗೂ ಬರಬಹುದಾ, ಬಂದರೆ ಗುರುತು ಹಿಡಿಯುವುದು ಹ್ಯಾಂಗ ಎಂದು ಕೇಳಿದವರು ಕಡಿಮೆ.

"ಅದು ಶ್ರೀಮಂತರ ರೋಗ" ಎಂಬ ತಪ್ಪು

ಕಲ್ಯಾಣ ಕರ್ನಾಟಕದಲ್ಲಿ ಅಪೌಷ್ಟಿಕತೆ ಅಂದರೆ ಬಡತನ ಎಂದೇ ಅರ್ಥ. ಅದು ಸುಳ್ಳೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಶೇ 17ರಷ್ಟು ಮಹಿಳೆಯರ ತೂಕ ಎತ್ತರಕ್ಕೆ ಇರಬೇಕಾದಷ್ಟಿಲ್ಲ. ಹೀಗಿರುವಾಗ ಸೊರಗಿದ ಇನ್ನೊಬ್ಬ ಹುಡುಗಿ ಯಾರ ಕಣ್ಣಿಗೆ ಬೀಳಬೇಕು? "ತೆಳ್ಳಗದಾಳ, ರಕ್ತ ಕಮ್ಮಿ ಅದ" ಅಂತ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸುತ್ತಾರೆ.

ಸರ್ಕಾರದ ಲೆಕ್ಕದಲ್ಲೂ ಇದೇ ತೊಡಕು. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ. ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಇವೆ. ಹತ್ತನೇ ತರಗತಿ ದಾಟಿ ಪಿಯು, ಡಿಗ್ರಿಗೆ ಹೋದ ಮೇಲೆ ಬಿಸಿಯೂಟವೂ ಇಲ್ಲ, ತಟ್ಟೆ ನೋಡುವವರೂ ಇಲ್ಲ. ಅನೊರೆಕ್ಸಿಯಾ ಹೆಚ್ಚಾಗಿ ಶುರುವಾಗುವುದು ಇದೇ ಹದಿಹರೆಯದಲ್ಲಿ. ನಮ್ಮ ಯೋಜನೆಗಳೆಲ್ಲ ಊಟ ಸಿಗದವರನ್ನು ಎಣಿಸುತ್ತವೆ, ಮುಂದಿಟ್ಟ ಊಟ ಬಿಟ್ಟವರನ್ನು ಎಣಿಸುವುದಿಲ್ಲ.

ಹಾಗಂತ ಇದು ಕರ್ನಾಟಕಕ್ಕೆ ಹೊಸ ರೋಗವೂ ಅಲ್ಲ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ನಡೆಸಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಗಿದೆ. ಉತ್ತರ ಕೊಟ್ಟ 66 ವೈದ್ಯರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಊಟಕ್ಕೆ ಸಂಬಂಧಿಸಿದ ಇಂಥ ಮನೋರೋಗದ ಒಂದಾದರೂ ಕೇಸು ನೋಡಿದ್ದರು.

ನಮ್ಮ ದೇಶದಲ್ಲಿ ಈ ರೋಗದ ಮುಖ ಸ್ವಲ್ಪ ಬೇರೆ ಇರಬಹುದು. 1995ರಲ್ಲಿ ದಿಲ್ಲಿಯ ಏಮ್ಸ್ ವೈದ್ಯರು ಐವರು ಯುವತಿಯರ ಬಗ್ಗೆ ಬರೆದಿದ್ದರು. ಊಟ ನಿರಾಕರಣೆ, ತೂಕ ಇಳಿಕೆ, ಮುಟ್ಟು ನಿಲ್ಲುವುದು ಎಲ್ಲ ಇದ್ದವು. ಆದರೆ ಪಶ್ಚಿಮದ ಪುಸ್ತಕಗಳು ಹೇಳುವ "ನಾನು ದಪ್ಪ ಇದ್ದೀನಿ" ಎಂಬ ಭ್ರಮೆ ಅವರಲ್ಲಿ ಇರಲಿಲ್ಲ. ಅಂದರೆ ನಮ್ಮ ಹುಡುಗಿ "ದಪ್ಪ ಆಗ್ತೀನಿ" ಎಂದು ಬಾಯಿಬಿಟ್ಟು ಹೇಳಲಿಕ್ಕಿಲ್ಲ. "ಹೊಟ್ಟಿ ಉಬ್ಬರಿಸ್ತದ, ಹಸಿವಿಲ್ಲ, ಗ್ಯಾಸ್ ಆಗ್ಯದ" ಎಂದಷ್ಟೇ ಹೇಳಬಹುದು. ಮನೆಯವರು ಗ್ಯಾಸಿನ ಗುಳಿಗೆ ತರುತ್ತಾರೆ. ಇಲ್ಲವೇ "ಯಾರದೋ ಕಣ್ಣು ಬಿದ್ದದ" ಎಂದು ದೃಷ್ಟಿ ತೆಗೆಯುತ್ತಾರೆ. ತಿಂಗಳುಗಳು ಹೀಗೇ ಕಳೆಯುತ್ತವೆ.

ಉಪವಾಸ ಬೇರೆ, ಇದು ಬೇರೆ

ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ ಎಲ್ಲವೂ ನಮ್ಮ ತಾಲ್ಲೂಕಿನಲ್ಲಿ ನಡೆಯುತ್ತವೆ. ಊಟ ಬಿಡುವುದು ಇಲ್ಲಿ ಭಕ್ತಿಯ ದಾರಿ. ಹಾಗಾಗಿ ಊಟ ಬಿಟ್ಟ ಹುಡುಗಿಯನ್ನು ಯಾರೂ ಅನುಮಾನಿಸುವುದಿಲ್ಲ, "ಭಾಳ ದೇವರ ಭಕ್ತಿ" ಎಂದು ಹೊಗಳುವವರೂ ಇದ್ದಾರೆ.

ವ್ಯತ್ಯಾಸ ಸರಳ. ಉಪವಾಸಕ್ಕೆ ಪಾರಣೆ ಇದೆ, ರೋಜಾಕ್ಕೆ ಇಫ್ತಾರ್ ಇದೆ. ಹೊತ್ತು ಬಂದಾಗ ಮನುಷ್ಯ ಖುಷಿಯಿಂದ ಕೂತು ಉಣ್ಣುತ್ತಾನೆ. ಈ ರೋಗದಲ್ಲಿ ಉಣ್ಣುವ ಹೊತ್ತು ಬಂದಾಗಲೇ ಭಯ ಹೆಚ್ಚುತ್ತದೆ. ಒಂದು ಸೋಮವಾರ ಎರಡಾಗುತ್ತದೆ, ಆಮೇಲೆ ಗುರುವಾರ, ಶನಿವಾರ ಸೇರುತ್ತವೆ. ರೊಟ್ಟಿ ಮೂರರಿಂದ ಎರಡು, ಎರಡರಿಂದ ಒಂದು, ಕೊನೆಗೆ "ಗೆಳತಿ ಮನ್ಯಾಗ ಉಂಡು ಬಂದೆ" ಎಂಬ ಸುಳ್ಳು.

ಅದನ್ನು ಹಟ ಎಂದು ಬೈದರೆ ಪ್ರಯೋಜನವಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿನಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರು ಸ್ವಂತ ಇಚ್ಛೆಯಿಂದ ಒಂದು ಪ್ರಯೋಗಕ್ಕೆ ಒಳಗಾದರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ಅವರಿಗೆ ಯಾವ ಮನೋರೋಗವೂ ಇರಲಿಲ್ಲ. ಆದರೂ ಮಂಕಾದರು, ಸಿಡುಕಿದರು, ಜನರಿಂದ ದೂರ ಸರಿದರು. ದಿನವಿಡೀ ಊಟದ್ದೇ ಯೋಚನೆ, ಒಂದು ತುತ್ತನ್ನು ತಾಸುಗಟ್ಟಲೆ ತಿನ್ನುವ ಚಟ. ಹಸಿವು ಮನಸ್ಸನ್ನೂ ಕೆಡಿಸುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ಹುಡುಗಿಯ ಹಟದಲ್ಲಿ ಅರ್ಧ ಪಾಲು ಆ ಸೊರಗಿದ ಮಿದುಳಿನದು.

ಒಳಗೆ ಏನೇನು ಕೆಡುತ್ತದೆ

ಈ ರೋಗದಲ್ಲಿ ಜೀವ ಹೋಗುವುದು ಹ್ಯಾಂಗ ಎಂಬುದು ಮನೆಯವರಿಗೆ ತಿಳಿದಿರಬೇಕು.

ಮೊದಲು ಹೃದಯ. ಅನ್ನ ಸಿಗದಾಗ ದೇಹ ತನ್ನ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತದೆ. ಹೃದಯವೂ ಮಾಂಸಖಂಡವೇ, ಅದೂ ಕುಗ್ಗುತ್ತದೆ. ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ. ಎಚ್ಚರ ಇದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಬಿಪಿ 90/45ಕ್ಕಿಂತ ಕೆಳಗಿದ್ದರೆ, ಮೈ ಶಾಖ 35.6 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಿದ್ದರೆ ಹದಿಹರೆಯದವರನ್ನು ಆಸ್ಪತ್ರೆಗೆ ಸೇರಿಸಬೇಕೆಂದು ಈ ವಯಸ್ಸಿನವರನ್ನು ನೋಡುವ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಓಟಗಾರರಿಗೂ ನಾಡಿ ನಿಧಾನ ಇರುತ್ತದೆ, ನಿಜ. ಆದರೆ ಮೆಟ್ಟಿಲು ಹತ್ತಿದರೆ ಸುಸ್ತಾಗುವ ಹುಡುಗಿಯ ನಿಧಾನ ನಾಡಿ ಶಕ್ತಿಯ ಗುರುತಲ್ಲ.

ಎರಡನೆಯದು ರಕ್ತದೊಳಗಿನ ಲವಣ. ಪೊಟ್ಯಾಸಿಯಂ ಎಂಬ ಲವಣ ಹೃದಯದ ಬಡಿತವನ್ನು ಹಿಡಿತದಲ್ಲಿಡುತ್ತದೆ. ವಾಂತಿ ಮಾಡಿಕೊಳ್ಳುವವರಲ್ಲಿ, ಜುಲಾಬಿನ ಗುಳಿಗೆ ನುಂಗುವವರಲ್ಲಿ ಅದು ಕುಸಿಯುತ್ತದೆ. ಆಗ ಬಡಿತ ತಾಳ ತಪ್ಪುತ್ತದೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಹೋಗುವ ಸಾಧ್ಯತೆಯೂ ಇದೆ.

ಮೂರನೆಯದು ಸಕ್ಕರೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗಿ, ಹೊಸದಾಗಿ ಮಾಡಿಕೊಳ್ಳುವ ಶಕ್ತಿಯೂ ಹೋದಾಗ ಶುಗರ್ ಪೂರ್ತಿ ಇಳಿದು ಪ್ರಜ್ಞೆ ತಪ್ಪುತ್ತದೆ. ಊಟ ಬಿಟ್ಟು ಸೊರಗಿದವರಲ್ಲಿ ಶುಗರ್ ಇಳಿದಿದೆ ಎಂದರೆ ಪರಿಸ್ಥಿತಿ ಕೈ ಮೀರುವ ಹಂತ ತಲುಪಿದೆ ಎಂದರ್ಥ.

ಹೊಟ್ಟೆಯೂ ನಿಧಾನವಾಗುತ್ತದೆ. "ಎರಡು ತುತ್ತು ಉಂಡ್ರ ಹೊಟ್ಟಿ ತುಂಬ್ತದ" ಎಂದು ಹುಡುಗಿ ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಜಠರ ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಮಲಬದ್ಧತೆ ಬರುತ್ತದೆ. ಎಲುಬಿನ ಮಜ್ಜೆ ಸೊರಗಿ ರಕ್ತ ಕಡಿಮೆಯಾಗುತ್ತದೆ, ಬಿಳಿ ರಕ್ತಕಣವೂ ಇಳಿಯುತ್ತದೆ. ಸೋಂಕು ತಗುಲಿದರೂ ಜ್ವರ ಕಾಣಿಸದೇ ಹೋಗಬಹುದು. ಮುಟ್ಟು ನಿಲ್ಲುತ್ತದೆ. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಟೊಳ್ಳಾಗುತ್ತದೆ, ಆ ನಷ್ಟ ಮುಂದೆ ಪೂರ್ತಿ ತುಂಬುವುದು ಕಷ್ಟ.

ಇಲ್ಲೊಂದು ಮೋಸವೂ ಇದೆ. ರಕ್ತ ಪರೀಕ್ಷೆಯ ರಿಪೋರ್ಟು ಎಲ್ಲ ನಾರ್ಮಲ್ ಬರಬಹುದು. ದೇಹ ಕೊನೆಯ ಗಳಿಗೆವರೆಗೂ ರಕ್ತದ ಲೆಕ್ಕ ಸರಿದೂಗಿಸಿಕೊಂಡು ಹೋಗುತ್ತದೆ. "ರಿಪೋರ್ಟ್ ನಾರ್ಮಲ್ ಅದ, ಏನೂ ಇಲ್ಲ" ಎಂದು ಮನೆಗೆ ಕರೆದುಕೊಂಡು ಬರುವುದು ದೊಡ್ಡ ತಪ್ಪು.

36 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಲೆಕ್ಕದಲ್ಲಿ, ಈ ರೋಗ ಇರುವ 1,000 ಮಂದಿಯನ್ನು ಒಂದು ವರ್ಷ ಗಮನಿಸಿದರೆ ಅವರಲ್ಲಿ ಸುಮಾರು ಐವರು ಸಾಯುತ್ತಾರೆ. ಹರೆಯದ ವಯಸ್ಸಿಗೆ ಇದು ಬಹಳ ದೊಡ್ಡ ಸಂಖ್ಯೆ. ಸತ್ತವರಲ್ಲಿ ಐವರಲ್ಲಿ ಒಬ್ಬರದು ಆತ್ಮಹತ್ಯೆ. ಹಾಗಾಗಿ ದೇಹವನ್ನಷ್ಟೇ ನೋಡಿ ಮನಸ್ಸನ್ನು ಬಿಟ್ಟರೂ ಜೀವ ಉಳಿಯುವುದಿಲ್ಲ.

ಉಣ್ಣಿಸುವಾಗಲೇ ಬರುವ ಗಂಡಾಂತರ

ಈಗ ಮೊದಲು ಹೇಳಿದ ಸಲಾಯಿನ್ ಮಾತಿಗೆ ಬರೋಣ.

ತಿಂಗಳುಗಟ್ಟಲೆ ಹಸಿದ ದೇಹದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಗಳ ದಾಸ್ತಾನು ಬರಿದಾಗಿರುತ್ತದೆ. ಬಿ-1 ವಿಟಮಿನ್ ಕೂಡ ಮುಗಿದಿರುತ್ತದೆ. ಆಗ ಒಮ್ಮೆಲೇ ಗ್ಲುಕೋಸ್ ಅಥವಾ ಭರ್ಜರಿ ಊಟ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ಅದು ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಲವಣವನ್ನೂ ಜೀವಕೋಶಗಳ ಒಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಫಾಸ್ಫೇಟ್ ಕುಸಿಯುತ್ತದೆ. ಉಸಿರಾಟದ ಸ್ನಾಯು ಸೋಲುತ್ತವೆ, ಹೃದಯ ತಾಳ ತಪ್ಪುತ್ತದೆ, ಕಾಲು ಬಾತುಕೊಳ್ಳುತ್ತವೆ, ಫಿಟ್ಸ್ ಬರಬಹುದು. ಬಿ-1 ಇಲ್ಲದೆ ಗ್ಲುಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು. ಇದಕ್ಕೆ ವೈದ್ಯರು ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಊಟ ಮತ್ತೆ ಶುರುವಾದ ಮೊದಲ ವಾರದಲ್ಲೇ ಹೆಚ್ಚು ಅಪಾಯ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೆರೆ ಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನರು ಊಟ ಸಿಕ್ಕ ಮೇಲೆ ಸತ್ತದ್ದನ್ನು ವೈದ್ಯರು ಆಗಲೇ ದಾಖಲಿಸಿದ್ದರು.

ಇದು ನಮ್ಮ ಆರೋಗ್ಯ ಇಲಾಖೆಗೆ ಹೊಸ ಪಾಠವಲ್ಲ. ತೀವ್ರ ಅಪೌಷ್ಟಿಕತೆ ಇರುವ ಐದು ವರ್ಷದೊಳಗಿನ ಮಕ್ಕಳನ್ನು ಸೇರಿಸುವ ಪೌಷ್ಟಿಕ ಪುನರ್ವಸತಿ ಕೇಂದ್ರಗಳಲ್ಲಿ ಇದೇ ನಿಯಮ ನಡೆಯುತ್ತದೆ. ಮೊದಲ ದಿನಗಳಲ್ಲಿ ತೆಳುವಾದ ಹಾಲಿನ ಆಹಾರವನ್ನು ಸ್ವಲ್ಪ ಸ್ವಲ್ಪ ಹಲವು ಸಲ ಕೊಡುತ್ತಾರೆ. ಮಗು ತಡೆದುಕೊಂಡ ಮೇಲೆ ಮಾತ್ರ ಗಟ್ಟಿ ಆಹಾರಕ್ಕೆ ಏರಿಸುತ್ತಾರೆ. ಮೂರು ವರ್ಷದ ಮಗುವಿಗೆ ಪಾಲಿಸುವ ಎಚ್ಚರಿಕೆಯನ್ನು ಹದಿನೇಳರ ಹುಡುಗಿಗೆ ಮರೆಯುವುದು ಯಾಕೆ?

ತಪ್ಪು ತಿಳಿಯಬಾರದು. ಶುಗರ್ ಇಳಿದು ಬಿದ್ದವರಿಗೆ ಗ್ಲುಕೋಸ್ ಜೀವ ಉಳಿಸುತ್ತದೆ, ಅದನ್ನು ಬೇಡ ಎನ್ನುವ ಹಾಗಿಲ್ಲ. ಆದರೆ ಅದು ಆಸ್ಪತ್ರೆಯಲ್ಲಿ, ಬಿ-1 ಇಂಜೆಕ್ಷನ್ ಜೊತೆ, ಇಸಿಜಿ ಮತ್ತು ಲವಣದ ಪರೀಕ್ಷೆ ಇಟ್ಟುಕೊಂಡು ನಡೆಯಬೇಕು. ಊಟ ನಿಧಾನ ಕೊಡಬೇಕು ಎಂದು ಹೆದರಿ ತೀರಾ ಕಡಿಮೆ ಕೊಡುವುದೂ ಅಪಾಯವೇ. ಎಷ್ಟು ಎಂಬುದನ್ನು ದಿನದಿನದ ರಕ್ತ ಪರೀಕ್ಷೆ ನೋಡಿ ವೈದ್ಯರು ಹೇಳಬೇಕು. ಮನೆಯ ಮಂಚದ ಮೇಲೆ, ಡಿಗ್ರಿ ಇಲ್ಲದ ಡಾಕ್ಟರ ಕೈಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಗುರುತು ಹಿಡಿಯಬೇಕಾದವರು ಯಾರು

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಜಿಲ್ಲೆ ನಮ್ಮದು. ಮೇ ತಿಂಗಳ ಬಿಸಿಲಿನಲ್ಲೂ ಸ್ವೆಟರ್ ಹಾಕಿ, "ಥಂಡಿ ಹತ್ತಲತ್ತದ" ಎನ್ನುವ ಹುಡುಗಿ ಇದ್ದರೆ ಮನೆಯವರು ನಿಲ್ಲಿಸಿ ಕೇಳಬೇಕು. ಕೈ ಬೆರಳು ನೀಲಿ, ಕೂದಲು ಉದುರುವುದು, ಮುಖ ಮತ್ತು ತೋಳಿನ ಮೇಲೆ ಸಣ್ಣ ನವಿರು ರೋಮ, ಎದ್ದು ನಿಂತರೆ ಕಣ್ಣು ಕತ್ತಲೆ, ನಾಲ್ಕಾರು ತಿಂಗಳು ಮುಟ್ಟು ಇಲ್ಲ. ಇವು ಒಟ್ಟಿಗೆ ಕಂಡರೆ ತಡ ಮಾಡಬಾರದು.

ವೈದ್ಯರು ಬಳಸುವ ಇನ್ನೊಂದು ಸುಲಭ ಪರೀಕ್ಷೆ ಇದೆ. ಕುಕ್ಕರಗಾಲಲ್ಲಿ ಕುಳಿತು ಕೈ ಊರದೆ ಎದ್ದೇಳಬೇಕು. ಹರೆಯದ ಹುಡುಗಿ ಗೋಡೆ ಹಿಡಿದು ಏಳುತ್ತಿದ್ದರೆ ಸ್ನಾಯು ಸೋತಿವೆ ಎಂದರ್ಥ. ಕೂತು ಎದ್ದು ಮಾಡುವುದು ನಮ್ಮ ಮನೆಗಳ ದಿನದ ಕೆಲಸ, ತಾಯಿಯ ಕಣ್ಣಿಗೆ ಇದು ಬೀಳದೇ ಇರದು.

ಪಿಯು, ನೀಟ್ ಕೋಚಿಂಗ್, ಡಿಗ್ರಿ ಎಂದು ಕಲಬುರಗಿ, ಹೈದರಾಬಾದ್ ಹಾಸ್ಟೆಲ್‌ಗಳಿಗೆ ಹೋದ ಮಕ್ಕಳು ಪಂಚಮಿಗೋ ದೀಪಾವಳಿಗೋ ಮನೆಗೆ ಬರುತ್ತಾರೆ. ಆಗ ಉಂಡಿ ಮುಟ್ಟದೆ, ಎಲ್ಲರೂ ಕೂತಾಗ ಎದ್ದು ಹೋಗುವ ಮಗಳನ್ನು "ಡಯಟ್ ಮಾಡ್ಲತ್ತಾಳ" ಎಂದು ನಕ್ಕು ಬಿಡುವುದಲ್ಲ. ಹಾಸ್ಟೆಲ್ ವಾರ್ಡನ್‌ಗೆ ಮೆಸ್‌ನಲ್ಲಿ ಯಾರು ತಟ್ಟೆ ಹಿಡಿಯುತ್ತಿಲ್ಲ ಎಂಬುದು ಗೊತ್ತಿರುತ್ತದೆ. ಒಂದು ಫೋನ್ ಮನೆಗೆ ಹೋದರೆ ಸಾಕು.

ಹುಡುಗರಿಗೂ ಈ ರೋಗ ಬರುತ್ತದೆ. ಜಿಮ್, ಪ್ರೋಟೀನ್ ಪೌಡರ್, "ಕಟ್ಸ್" ಎಂಬ ಗೀಳಿನ ಹಿಂದೆ ಅಡಗಿರುವುದರಿಂದ ಅವರಲ್ಲಿ ಇನ್ನೂ ತಡವಾಗಿ ಗೊತ್ತಾಗುತ್ತದೆ.

ಅಂಗಡಿಯವರ ಪಾತ್ರವೂ ಸಣ್ಣದಲ್ಲ. ಮನೆಯವರಿಗೆ ಗೊತ್ತಾಗುವ ಮುಂಚೆ ಮೆಡಿಕಲ್ ಶಾಪಿನವರಿಗೆ ಗೊತ್ತಾಗುತ್ತದೆ. ಒಬ್ಬಳೇ ಹುಡುಗಿ ವಾರ ವಾರ ಜುಲಾಬಿನ ಗುಳಿಗೆ ಒಯ್ಯುತ್ತಿದ್ದರೆ ಕೇಳಬೇಕಾದ್ದು ಧರ್ಮ. ತೂಕ ಇಳಿಸುವ ಪುಡಿ, ಚೂರ್ಣ, ಚಹಾ ಎಂದು ಬರುವ ಮಾಲಿನ ಮೇಲೆ ಒಳಗೇನಿದೆ ಎಂದು ಬರೆದಿದೆಯೇ, ಎಫ್‌ಎಸ್‌ಎಸ್‌ಎಐ ನಂಬರ್ ಇದೆಯೇ ಎಂದು ನೋಡದೆ ಇಟ್ಟರೆ ನಾಳೆ ಹೊಣೆ ತಮ್ಮ ಮೇಲೆಯೇ ಬರುತ್ತದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಇಂಜೆಕ್ಷನ್‌ಗಳು ದೇಶದ ಮಾರುಕಟ್ಟೆಗೆ ಬಂದಿವೆ. ಬೊಜ್ಜು ರೋಗ ಇರುವವರಿಗೆ ಅವು ಔಷಧ, ವೈದ್ಯರ ಚೀಟಿ ಬೇಕೇ ಬೇಕು. ಹಸಿವನ್ನೇ ಕೊಲ್ಲುವ ಈ ಔಷಧ ಊಟ ಬಿಟ್ಟು ಸೊರಗಿದವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಬೀದಿಯ ಬಾಯಿ. "ದಪ್ಪ ಆಗ್ಯಾಳ, ವರ ಹ್ಯಾಂಗ ಸಿಗ್ತಾನ" ಎಂಬ ಮಾತು ಕನ್ಯಾ ನೋಡುವ ಮನೆಗಳಲ್ಲಿ ನಗುನಗುತ್ತಲೇ ಬರುತ್ತದೆ. ತೆಳ್ಳಗಾಗುವ ಒತ್ತಡ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಇನ್ನೊಂದು ಬಗೆಯ ಉದಾಹರಣೆಯನ್ನು ರಾಜ್ಯ ಕಂಡಿದೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. ಅವರದು ಈ ರೋಗವಲ್ಲ, ಆದರೆ ಮೈಕಟ್ಟಿನ ಮೇಲಿನ ಒತ್ತಡ ಬೇರೆಯದಲ್ಲ.

ಎಲ್ಲಿಗೆ ಹೋಗಬೇಕು

ಚಂದಾಪುರದವರಿಗೆ ಹತ್ತಿರದ ದಾರಿ ಚಿಂಚೋಳಿ ತಾಲ್ಲೂಕು ಆಸ್ಪತ್ರೆ. ಅಲ್ಲಿ ಹೋದಾಗ "ನಿಶ್ಶಕ್ತಿ" ಎಂದು ಮಾತ್ರ ಹೇಳಬಾರದು. ಎಷ್ಟು ತಿಂಗಳಿಂದ ಊಟ ಕಡಿಮೆ, ತೂಕ ಎಷ್ಟು ಇಳಿದಿದೆ, ವಾಂತಿ ಮಾಡಿಕೊಳ್ಳುತ್ತಾಳಾ, ಯಾವ ಗುಳಿಗೆ ತಗೊಳ್ಳುತ್ತಾಳೆ, ಮುಟ್ಟು ಯಾವಾಗ ನಿಂತಿತು ಎಂಬುದನ್ನೆಲ್ಲ ಬಿಚ್ಚಿ ಹೇಳಬೇಕು. ನಾಡಿ, ಕೂತು ಮತ್ತು ನಿಂತು ಬಿಪಿ, ಶುಗರ್, ಇಸಿಜಿ ನೋಡಿಸಬೇಕು. ಸೊರಗುವುದಕ್ಕೆ ಟಿಬಿ, ಥೈರಾಯ್ಡ್, ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು, ಅದನ್ನೂ ವೈದ್ಯರು ಪರೀಕ್ಷಿಸುತ್ತಾರೆ. ಅವೆಲ್ಲ ಇಲ್ಲ ಎಂದ ಮಾತ್ರಕ್ಕೆ ಏನೂ ಇಲ್ಲ ಎಂದಲ್ಲ.

ನಾಡಿ ತೀರಾ ನಿಧಾನ, ಪ್ರಜ್ಞೆ ತಪ್ಪುವುದು, ಎದೆ ಡವಡವ, ಊಟ ಶುರು ಮಾಡಿದ ಮೇಲೆ ಕಾಲು ಬಾವು ಅಥವಾ ಉಸಿರಾಟದ ತೊಂದರೆ ಇದ್ದರೆ ಕಾಯಬಾರದು. 108ಕ್ಕೆ ಫೋನ್ ಮಾಡಿ. ದಿನದಿನ ಫಾಸ್ಫೇಟ್ ನೋಡಿ ಚಿಕಿತ್ಸೆ ಮಾಡಲು ಮೆಡಿಕಲ್ ಕಾಲೇಜು ಮಟ್ಟದ ಆಸ್ಪತ್ರೆಯೇ ಬೇಕು. ನಮಗೆ ಅದು ಕಲಬುರಗಿಯ ಜಿಮ್ಸ್. ಎಂಬತ್ತು ಕಿ.ಮೀ. ಮೇಲಿನ ದಾರಿ, ಹಾಗಾಗಿ ಪರಿಸ್ಥಿತಿ ಬಿಗಡಾಯಿಸುವ ಮುಂಚೆ ಹೊರಡುವುದೇ ಜಾಣತನ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿನ ಅವಕಾಶ ಇದೆ. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಯಲ್ಲಿ ಒಯ್ಯಬೇಕು.

ಕಾನೂನೂ ರೋಗಿಯ ಪರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಹಕ್ಕು. ಜೀವಕ್ಕೆ ಅಪಾಯ ಇದ್ದಾಗ ಮನೋವೈದ್ಯರೇ ಬರಲಿ ಎಂದು ಕಾಯಬೇಕಿಲ್ಲ. ನೋಂದಾಯಿತ ಯಾವುದೇ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು.

ಮನಸ್ಸಿನ ಚಿಕಿತ್ಸೆಗೆ ಮೊದಲ ಮೆಟ್ಟಿಲು ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿ ಹೋಗಬೇಕು. ಈ ದಿನವನ್ನು ಕಾಲೇಜು, ಹಾಸ್ಟೆಲ್‌ಗಳ ನೋಟಿಸ್ ಬೋರ್ಡಿಗೆ ಹಚ್ಚುವುದು ದೊಡ್ಡ ಖರ್ಚಿನ ಕೆಲಸವಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿ ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಪಿಯು, ಡಿಗ್ರಿ ಕಾಲೇಜುಗಳಲ್ಲಿ ವರ್ಷಕ್ಕೆರಡು ಸಲ ತೂಕ, ಎತ್ತರ, ಬಿಪಿ, ನಾಡಿ ನೋಡಿದರೂ ಸಾಕು, ಅರ್ಧ ಕೇಸುಗಳು ಮೊದಲೇ ಕಣ್ಣಿಗೆ ಬಿದ್ದಾವು. ತೂಕವನ್ನು ಎಲ್ಲರ ಮುಂದೆ ಕೂಗಿ ಹೇಳದೆ, ಒಬ್ಬೊಬ್ಬರನ್ನೇ ಕರೆದು ನೋಡಬೇಕು ಅಷ್ಟೇ.

ಮನೆಯೇ ಅರ್ಧ ಔಷಧ

ಈ ರೋಗಕ್ಕೆ ನುಂಗಿದರೆ ವಾಸಿಯಾಗುವ ಗುಳಿಗೆ ಇಲ್ಲ. ಆದರೆ ಬೇಗ ಹಿಡಿದರೆ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಹದಿಹರೆಯದವರಿಗೆ ಒಳ್ಳೆ ಫಲ ಕೊಟ್ಟ ಚಿಕಿತ್ಸೆ ಎಂದರೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ವಿಧಾನ. ಅದರ ತಿರುಳು ನಮ್ಮ ಮನೆಗಳಿಗೆ ಹೊಸದೇನಲ್ಲ. ದೇಹ ಅಪಾಯ ದಾಟಿದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ, ತಂದೆ ತಾಯಿಯೇ ಊಟದ ಜವಾಬ್ದಾರಿ ಹೊರುತ್ತಾರೆ. ಮೂರೂ ಹೊತ್ತು ಪಕ್ಕದಲ್ಲಿ ಕೂತು ಉಣ್ಣಿಸುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ತೂಕದ ಮಾತು ಎತ್ತುವುದಿಲ್ಲ, ಆದರೆ ತಟ್ಟೆ ಖಾಲಿಯಾಗುವ ತನಕ ಎದ್ದೂ ಹೋಗುವುದಿಲ್ಲ. ಇದು ಒಂದು ವಾರದ ಮಾತಲ್ಲ, ಹಲವು ತಿಂಗಳ ತಾಳ್ಮೆ.

ಕಣ್ಣೂರಿನ ಸಾವು ತಡವಾಗಿ ಕಂಡ ಕೇಸು. ತೊಗರಿ ಬೆಳೆಯುವ, ಜೋಳದ ರೊಟ್ಟಿ ಬಡಿಯುವ ಈ ನೆಲದಲ್ಲಿ ಒಂದು ತಟ್ಟೆ ಮುಟ್ಟದೆ ವಾಪಸ್ ಬಂದರೆ ಅಡುಗೆ ಮನೆಗೆ ಗೊತ್ತಾಗದೇ ಇರುವುದಿಲ್ಲ. ಗೊತ್ತಾದ ದಿನ "ನಾಳೆ ನೋಡೋಣ" ಎನ್ನದೆ ಮೊದಲು ನಾಡಿ ಎಣಿಸಬೇಕು. ಬಾಟಲಿ ಹಚ್ಚುವ ಮಾತು ಆಮೇಲೆ, ಅದೂ ಆಸ್ಪತ್ರೆಯಲ್ಲಿ.